23 ನಿಮಿಷದ ದಾರಿಗೆ 1 ಗಂಟೆ 5 ನಿಮಿಷದ ಟಿಕೆಟ್: ಬೆಂಗಳೂರು–ಮಂಗಳೂರು ವಿಮಾನದಲ್ಲಿ ಉಳಿದ 42 ನಿಮಿಷ ಎಲ್ಲಿ ಹೋಗುತ್ತದೆ?

ತುಮಕೂರ್ ಹುಡ್ಗ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಏಳನೇ ಕ್ಲಾಸಿನಲ್ಲಿರುವ ನನ್ನ ಮಗಳದ್ದು. ನನ್ನ ಕೈಯಲ್ಲಿ ಉತ್ತರ ಹೇಳಲು ಆಗದೆ ಇಲ್ಲಿಗೆ ತಂದಿದ್ದೇನೆ.

ನಾನು ತುಮಕೂರಿನವನು, ಹೆಂಡತಿ ಮೂಡುಬಿದಿರೆಯವಳು, ಮನೆ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಪ್ರತಿ ದಸರಾ ರಜೆಗೆ ಕಾರಿನಲ್ಲಿ ಶಿರಾಡಿ ಘಾಟಿ ಇಳಿದು ಅಜ್ಜಿ ಮನೆಗೆ ಹೋಗುತ್ತೇವೆ. ಪುಟ್ಟಿಗೆ ಘಾಟಿಯ ತಿರುವು ಆಗಿಬರುವುದಿಲ್ಲ. ಸಕಲೇಶಪುರ ದಾಟಿದ ಮೇಲೆ ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದುಕೊಂಡೇ ಕೂರುತ್ತಾಳೆ. ಈ ಸಲ ಮನಸ್ಸು ಮಾಡಿ ವಿಮಾನಕ್ಕೆ ಮೂರು ಟಿಕೆಟ್ ಮಾಡಿಸಿದೆ. ಬೆಳಗ್ಗೆ 10:35ಕ್ಕೆ ಬೆಂಗಳೂರು ಬಿಟ್ಟು 11:40ಕ್ಕೆ ಮಂಗಳೂರು. ಅಂದರೆ 1 ಗಂಟೆ 5 ನಿಮಿಷ.

ಅದೇ ವಾರ ಶಾಲೆಯಲ್ಲಿ ವೇಗ-ದೂರ-ಕಾಲದ ಪಾಠ ಶುರುವಾಗಿದೆ ನೋಡಿ. ನನ್ನ ಫೋನ್ ತಗೊಂಡು ಮ್ಯಾಪಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬಜ್ಪೆಯ ನಿಲ್ದಾಣಕ್ಕೆ ನೇರ ಗೆರೆ ಎಳೆದಳು. 306 ಕಿಲೋಮೀಟರ್ ಬಂತು. "ಅಪ್ಪಾ, ವಿಮಾನ ಎಷ್ಟು ಸ್ಪೀಡಲ್ಲಿ ಹೋಗುತ್ತೆ?" ಅಂದಳು. ನಾನು ಪೇಪರ್ ಓದುತ್ತಾ "ಗಂಟೆಗೆ ಒಂದು ಎಂಟುನೂರು ಇರಬೇಕು" ಅಂದೆ. ಅವಳು ಭಾಗಿಸಿದಳು. 23 ನಿಮಿಷ. ಟಿಕೆಟ್ಟಿನ 65ರಲ್ಲಿ 23 ಕಳೆದರೆ 42.

"ಹತ್ತೋಕೆ ಇಳಿಯೋಕೆ ಟೈಮ್ ಬೇಡ್ವೇನೇ" ಅಂತ ತಪ್ಪಿಸಿಕೊಳ್ಳಲು ನೋಡಿದೆ. "ಹತ್ತೋದು 10:35ಕ್ಕಿಂತ ಮುಂಚೇನೇ ಅಲ್ವಾ ಅಪ್ಪ? ನೀನೇ ಹೇಳಿದ್ದು, ಲೇಟಾಗಿ ಹೋದರೆ ಗೇಟು ಹಾಕಿಬಿಡ್ತಾರೆ ಅಂತ." ಬಾಯಿ ಮುಚ್ಚಿಕೊಂಡೆ.

ಈಗ ಟಿಕೆಟ್ಟಿನ ಪ್ರಿಂಟ್ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಅದರ ಮೇಲೆ ಕೆಂಪು ಪೆನ್ನಿನಲ್ಲಿ "42 = ?" ಅಂತ ಬರೆದು ಸುತ್ತ ಒಂದು ಬಳೆ. ನಾಲ್ಕು ದಿನದಿಂದ ಹಾಲು ತೆಗೆಯಲು ಹೋದಾಗೆಲ್ಲ ಅದು ನನ್ನನ್ನೇ ನೋಡುತ್ತಿದೆ. ಯಾರಾದರೂ ಗೊತ್ತಿರುವವರು ಕಾಪಾಡಿ. ಹೊರಡಲು ಇನ್ನೂ ಒಂಬತ್ತು ದಿನ ಇದೆ.


ಬಜ್ಪೆ ಪ್ಯಾಸೆಂಜರ್:

ಎಂತ ಮಾರಾಯ್ರೆ, 42 ನಿಮಿಷಕ್ಕೆ ಇಷ್ಟು ತಲೆಬಿಸಿ? ನಾನು ತಿಂಗಳಿಗೊಮ್ಮೆ ಈ ದಾರಿಯಲ್ಲಿ ಹೋಗಿಬರುವವ. ನಿಜವಾದ ಲೆಕ್ಕ ಬೇರೆಯೇ ಉಂಟು. ವಿಜಯನಗರದಿಂದ ಏರ್‌ಪೋರ್ಟಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬ್ಯಾಗು, ಸೆಕ್ಯೂರಿಟಿ ಕ್ಯೂ, ಗೇಟಿನವರೆಗೆ ನಡೆಯುವುದು, ಅದಕ್ಕೆಲ್ಲ ಎರಡು ಗಂಟೆ. ಹೊರಡುವ 25 ನಿಮಿಷ ಮೊದಲು ಬೋರ್ಡಿಂಗ್ ಗೇಟು ಮುಚ್ಚಿಯೇ ಬಿಡುತ್ತಾರೆ. ಇಳಿದ ಮೇಲೆ ಬ್ಯಾಗಿಗೆ ಕಾಯಬೇಕು. ಮತ್ತೆ ಮೂಡುಬಿದಿರೆಗೆ ಮುಕ್ಕಾಲು ಗಂಟೆ. ಆರು ಗಂಟೆಯ ಹತ್ತಿರ ಹೋಗಿಯೇ ಹೋಗುತ್ತದೆ.

ಮಳೆಗಾಲದಲ್ಲಂತೂ ಕೇಳಬೇಡಿ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಬೆಳಗ್ಗಿನ ಫ್ಲೈಟಿಗೆ ಕೂತೆ. ಯಾವ ಕಂಪನಿ ಅಂತ ಬೇಡ, ಮಳೆಗೆ ಅವರೇನು ಮಾಡಿಯಾರು. ಬಜ್ಪೆಯ ಮೇಲೆ ಮೋಡ ತಗ್ಗಿ ಕೂತಿತ್ತು. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಅದು, ಕಾಣದೆ ಇಳಿಸುವ ಹಾಗಿಲ್ಲ. ಅರ್ಧ ಗಂಟೆ ಮೇಲೆಯೇ ಗಿರಕಿ ಹೊಡೆಸಿದರು. ಆಮೇಲೆ ವಾಪಸ್ ಬೆಂಗಳೂರಿಗೆ. ಮಧ್ಯಾಹ್ನ ದೇವನಹಳ್ಳಿಯಲ್ಲಿ ಕೂತು ಬನ್ ತಿಂದು, ರಾತ್ರಿ ಮೆಜೆಸ್ಟಿಕ್ಕಿನಿಂದ ಬಸ್ ಹತ್ತಿ, ಮರುದಿನ ಬೆಳಗ್ಗೆ ಮಂಗಳೂರು. ಒಂದು ಗಂಟೆಯ ದಾರಿಗೆ ಇಪ್ಪತ್ತೆರಡು ಗಂಟೆ. ನಿಮ್ಮ ಮಗಳ ಹತ್ತಿರ ಈ ಲೆಕ್ಕವನ್ನೂ ಮಾಡಿಸಿ.


ತುಮಕೂರ್ ಹುಡ್ಗ:

ಪ್ಯಾಸೆಂಜರ್ ಅವರೇ, ಓದಿ ಹೇಳಿದೆ. ಅವಳ ಉತ್ತರ: "ಅದು ಮನೆಯಿಂದ ಮನೆಗೆ. ನಾನು ಕೇಳಿದ್ದು 10:35ರಿಂದ 11:40ರ ಒಳಗಿನ 42." ನನ್ನ ಕಷ್ಟ ಈಗ ಅರ್ಥವಾಯಿತಲ್ಲ?


ಟವರ್ ತಾತ:

ಮಗು ಸರಿಯಾಗಿ ಕೇಳಿದೆ. ಅವಳ ಭಾಗಾಕಾರ ತಪ್ಪಿಲ್ಲ ಸ್ವಾಮಿ, ನೀವು ಪೇಪರ್ ಓದುತ್ತಾ ಕೊಟ್ಟ 800 ತಪ್ಪು.

ನಾನು ವಿಮಾನ ನಿಲ್ದಾಣದ ಟವರ್‌ನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುತ್ತಿದ್ದವನು. ನಿವೃತ್ತಿಯಾಗಿ ವರ್ಷಗಳಾದವು. ಬೆಂಗಳೂರಿನ ನಿಲ್ದಾಣ ಇನ್ನೂ ಎಚ್‌ಎಎಲ್‌ನಲ್ಲಿ ಇದ್ದ ಕಾಲದವನು. 2008ರ ಮೇ ತಿಂಗಳಲ್ಲಿ ಅದು ದೇವನಹಳ್ಳಿಗೆ ಹೋಯಿತು. ಮಂಗಳೂರಿಗೆ ದೂರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಊರಿನವರಿಗೆ ನಿಲ್ದಾಣವೇ ದೂರವಾಯಿತು. ಅದಿರಲಿ.

ಪುಟ್ಟಿಗೆ ಹೀಗೆ ಹೇಳಿ. ಟಿಕೆಟ್ಟಿನಲ್ಲಿರುವ 10:35 ವಿಮಾನ ನೆಲ ಬಿಡುವ ಸಮಯ ಅಲ್ಲ. ಲಾರಿಯವರು ಇಳಿಜಾರಿನಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ವಿಮಾನದ ಚಕ್ರಕ್ಕೂ ಹಾಗೇ ಅಡ್ಡ ಕೊಟ್ಟಿರುತ್ತಾರೆ. ಆ ಅಡ್ಡ ತೆಗೆದು ವಿಮಾನ ಮೊದಲ ಸಲ ಅಲುಗಾಡುವ ಸಮಯ 10:35. ಮಂಗಳೂರಿನಲ್ಲಿ ತನ್ನ ಜಾಗಕ್ಕೆ ಬಂದು ನಿಂತು ಮತ್ತೆ ಅಡ್ಡ ಕೊಡುವ ಸಮಯ 11:40. ನಮ್ಮ ಭಾಷೆಯಲ್ಲಿ ಇದು ಬ್ಲಾಕ್ ಟೈಮ್. ಹಾರುವುದು ಇದರೊಳಗಿನ ಒಂದು ತುಂಡು ಮಾತ್ರ.

ಈಗ ಮೊದಲ ತುಂಡು ನೋಡಿ. ವಿಮಾನ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ, ಟ್ರ್ಯಾಕ್ಟರಿನಂಥ ಗಾಡಿ ಹಿಂದಕ್ಕೆ ತಳ್ಳಬೇಕು. ಆಮೇಲೆ ಇಂಜಿನ್ ಒಂದೊಂದಾಗಿ ಶುರು ಮಾಡಬೇಕು. ಆಮೇಲೆ ಉರುಳುತ್ತಾ ರನ್‌ವೇ ತುದಿಗೆ ಹೋಗಬೇಕು. ದೇವನಹಳ್ಳಿಯಲ್ಲಿ ಎರಡು ರನ್‌ವೇ ಇವೆ, ಒಂದೊಂದೂ 4000 ಮೀಟರ್. ಎರಡನೆಯದು 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅಂಥ ಜಾಗದಲ್ಲಿ ಈ ತುದಿಯಿಂದ ಆ ತುದಿಗೆ ಆಟೋ ವೇಗದಲ್ಲಿ ಹೋಗುವುದೆಂದರೆ ಹುಡುಗಾಟವಲ್ಲ. ತುದಿಗೆ ಹೋದರೆ ಅಲ್ಲಿ ಸಾಲು. ಮುಂದೆ ದೊಡ್ಡ ವಿಮಾನ ಎದ್ದಿದ್ದರೆ ಅದು ಬಿಟ್ಟುಹೋದ ಗಾಳಿಯ ಸುಳಿ ಅಡಗುವ ತನಕ ಹಿಂದಿನವನು ಒಂದೆರಡು ನಿಮಿಷ ಕಾಯಲೇಬೇಕು. ಬೆಳಗಿನ ಹೊತ್ತು ಇಷ್ಟಕ್ಕೇ ಹದಿನೈದು ಇಪ್ಪತ್ತು ನಿಮಿಷ ಸರಿಯಾಗುತ್ತದೆ.

ಎದ್ದ ಮೇಲೂ 800 ಇಲ್ಲ. ಹತ್ತು ಸಾವಿರ ಅಡಿ ದಾಟುವ ತನಕ ಸಾಮಾನ್ಯವಾಗಿ 250 ನಾಟ್ ಮಿತಿ. ಗಂಟೆಗೆ 463 ಕಿಲೋಮೀಟರ್. ಮೆಜೆಸ್ಟಿಕ್ಕಿನಿಂದ ಹಾಸನಕ್ಕೆ ಹೋಗುವ ಬಸ್ಸಿನ ವೇಗ ಕೇಳಿದರೆ ಡ್ರೈವರ್ ಎಂಬತ್ತು ಅನ್ನುತ್ತಾನೆ. ಸುಳ್ಳಲ್ಲ. ಆದರೆ ಗೊರಗುಂಟೆಪಾಳ್ಯ ದಾಟಲು ಎಷ್ಟು ಹೊತ್ತು ಅಂತ ಕೇಳಿ ನೋಡಿ.

ಇನ್ನೊಂದು ವಿಷಯ ಪುಟ್ಟಿಗೆ ಇಷ್ಟವಾಗಬಹುದು. ವಿಮಾನ ಗಾಳಿಗೆ ಎದುರಾಗಿ ಏಳಬೇಕು. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. ಮುಂಗಾರಿನಲ್ಲಿ ಪಡುವಣ ಗಾಳಿ, ಆಗ ಪಶ್ಚಿಮಕ್ಕೇ ಎದ್ದು ಸೀದಾ ಮಂಗಳೂರಿನ ದಾರಿ ಹಿಡಿಯಬಹುದು. ಮೂಡಣ ಗಾಳಿ ಇದ್ದರೆ ಮಂಗಳೂರಿಗೆ ಹೋಗುವವನೂ ಮೊದಲು ಕೋಲಾರದ ಕಡೆಗೆ ಎದ್ದು, ಆಮೇಲೆ ಬೆನ್ನು ತಿರುಗಿಸಬೇಕು. ನೀವು ಹೋಗುವ ಅಕ್ಟೋಬರ್ ಗಾಳಿ ಮನಸ್ಸು ಬದಲಾಯಿಸುವ ತಿಂಗಳು. ಎರಡೂ ಆಗಬಹುದು. ಎಡಗಡೆ ಕಿಟಕಿ ಸೀಟ್ ತಗೊಳ್ಳಿ. ಪೂರ್ವಕ್ಕೆ ಎದ್ದರೆ ಆ ಕಿಟಕಿ ಉತ್ತರಕ್ಕಿರುತ್ತದೆ, ನೆರಳು. ತಿರುಗಿದ ಮೇಲೆ ದಕ್ಷಿಣಕ್ಕೆ ಬರುತ್ತದೆ, ಬಿಸಿಲು. ದಿಕ್ಸೂಚಿ ಬೇಡ, ಅವಳ ಪುಸ್ತಕವೇ ಸಾಕು.

ಕೊನೆಯದಾಗಿ ಇಳಿಯುವುದು. 306 ಕಿಲೋಮೀಟರಿನಲ್ಲಿ ಅರ್ಧದ ಹತ್ತಿರ ಅದಕ್ಕೇ ಹೋಗುತ್ತದೆ. ಇಪ್ಪತ್ತಾರು ಸಾವಿರ ಅಡಿಗೆ ಏರಿದ್ದರೆ ಇಳಿಯಲು 144 ಕಿಲೋಮೀಟರ್. ಏರಲು ಹೆಚ್ಚುಕಡಿಮೆ 130. ನಡುವೆ ಉಳಿದದ್ದು ಎಷ್ಟು ಅಂತ ಪುಟ್ಟಿ ಹೇಳಲಿ. ನಿಮ್ಮ 800 ಅಷ್ಟು ದೂರಕ್ಕೆ ಮಾತ್ರ ಸಲ್ಲುತ್ತದೆ.


ತುಮಕೂರ್ ಹುಡ್ಗ:

ತಾತ, ದೊಡ್ಡ ಉಪಕಾರ. 32 ಕಿಲೋಮೀಟರ್ ಅಂತ ಪಕ್ಕದಿಂದಲೇ ಕೂಗಿದಳು. ಆದರೆ ಈಗ ಹೊಸದು ಶುರುವಾಗಿದೆ. ಇಳಿಯಲು 144 ಕಿಲೋಮೀಟರ್ ಯಾಕೆ ಬೇಕು? ಮಂಗಳೂರು ಬಂದ ಮೇಲೆ ಇಳಿದರೆ ಆಗಲ್ವಾ? ಆ 144 ಎಲ್ಲಿಂದ ಬಂತು?


ಟವರ್ ತಾತ:

ಒಂದು ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ಪೈಲಟ್‌ಗಳ ಬಾಯಿಲೆಕ್ಕ ಇದು. ಕಂಪ್ಯೂಟರ್ ಇದ್ದರೂ ತಲೆಯಲ್ಲಿ ಒಮ್ಮೆ ಮಾಡಿಯೇ ಮಾಡುತ್ತಾರೆ. 26 ಸಾವಿರ ಅಡಿಗೆ 78 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಗುಣಿಸಲು ಹೇಳಿ.

ಮಂಗಳೂರಿನ ಮೇಲೆ ಬಂದು ಇಳಿಯುವುದಾದರೆ ಕಲ್ಲು ಬಿದ್ದ ಹಾಗೆ ಬೀಳಬೇಕು. ಅಷ್ಟು ಕಡಿದಾಗಿ ಮೂತಿ ಬಗ್ಗಿಸಿದರೆ ವೇಗ ಕೈಗೆ ಸಿಗುವುದಿಲ್ಲ. ರನ್‌ವೇ ಮುಟ್ಟುವಾಗ ವೇಗ ಗಂಟೆಗೆ 260 ಕಿಲೋಮೀಟರಿನ ಆಸುಪಾಸು ಇರಬೇಕು. ಇಳಿಯುತ್ತಲೂ ಇರಬೇಕು, ವೇಗವನ್ನೂ ಕಳೆದುಕೊಳ್ಳುತ್ತಿರಬೇಕು. ಎರಡೂ ಒಟ್ಟಿಗೆ ಆಗಬೇಕೆಂದರೆ ಉದ್ದದ ಇಳಿಜಾರೇ ಬೇಕು. ಇಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಅಡಗಿ, ಕಿವಿ ಗುಂಯ್ ಅನ್ನಲು ಶುರುವಾದರೆ ಇಳಿಯಲು ಹಿಡಿದರು ಅಂತ ಗೊತ್ತುಮಾಡಿಕೊಳ್ಳಿ. ಹಾಸನದ ಆಚೀಚೆ ಎಲ್ಲೋ ಇರುತ್ತೀರಿ.


ಎಡಕುಮೇರಿ:

ತಾತ, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಂದು ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಅಂದರೆ 305 ಮೀಟರಿಗೆ 5556 ಮೀಟರ್. ಹದಿನೆಂಟು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲು ಘಾಟಿ ಐವತ್ತಕ್ಕೆ ಒಂದು. ನಾವು ರೈಲಿನ ಹುಚ್ಚರು ಅದನ್ನೇ ಭಯಂಕರ ಇಳಿಜಾರು ಅಂತ ಹೇಳಿಕೊಂಡು ತಿರುಗುತ್ತೇವೆ. ವಿಮಾನ ಅದರ ಹೆಚ್ಚುಕಡಿಮೆ ಮೂರರಷ್ಟು ಕಡಿದು ಅಂತ ಇವತ್ತೇ ಗೊತ್ತಾಗಿದ್ದು. ಹೊಟ್ಟೆ ಉರಿಯಿತು.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಮಗುವಿಗೆ ಘಾಟಿಯಲ್ಲಿ ವಾಂತಿ ಅಂತ ವಿಮಾನಕ್ಕೆ ದುಡ್ಡು ಹಾಕುವ ಮೊದಲು ಒಮ್ಮೆ ಹಗಲು ರೈಲಿನಲ್ಲಿ ಕರೆದುಕೊಂಡು ಹೋಗಬಹುದಿತ್ತು. ಬೆಳಗ್ಗೆ ಯಶವಂತಪುರದಲ್ಲಿ ಹತ್ತಿದರೆ ಸಂಜೆಯ ಹೊತ್ತಿಗೆ ಮಂಗಳೂರು ಜಂಕ್ಷನ್. 2021ರ ಜುಲೈನಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ಘಾಟಿ 55 ಕಿಲೋಮೀಟರ್, ಅದರಲ್ಲಿ 57 ಸುರಂಗ. ಗಂಟೆಗೆ ಮೂವತ್ತರ ಮೇಲೆ ಓಡಿಸುವ ಹಾಗಿಲ್ಲ. ಎರಡು ಗಂಟೆಗೆ ಕಡಿಮೆ ಇಲ್ಲ ಆ ಒಂದು ತುಂಡಿಗೇ. ತಾತ 144 ಕಿಲೋಮೀಟರನ್ನು ಎಷ್ಟು ನಿಮಿಷದಲ್ಲಿ ಇಳಿಸುತ್ತಾರೋ, ಅಷ್ಟರಲ್ಲಿ ನಾವು ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನನ್ನೂ ಮುಟ್ಟಿರುವುದಿಲ್ಲ. ಆದರೆ ವಾಂತಿ ಇಲ್ಲ, ಅದು ಮುಖ್ಯ.


ಬಜ್ಪೆ ಪ್ಯಾಸೆಂಜರ್:

ತಾತ, ನನ್ನದೊಂದು ಡೌಟು. ನಮ್ಮ ದಾರಿಯಲ್ಲಿ ನಾನು ಜೆಟ್ಟಿನಲ್ಲೂ ಹೋಗಿದ್ದೇನೆ, ಪಂಖದ ಎಟಿಆರ್‌ನಲ್ಲೂ ಹೋಗಿದ್ದೇನೆ. ಎಟಿಆರ್ ಗಂಟೆಗೆ ಐನೂರು ಅಂತಾರೆ. ಆದರೂ ಸಮಯದಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಜೆಟ್ಟು ಇಟ್ಟುಕೊಂಡು ಏನು ಮಾಡುವುದು?


ಟವರ್ ತಾತ:

ಈ ದಾರಿಯಲ್ಲಿ ಜೆಟ್ಟಿಗೆ ಕಾಲು ಚಾಚಲು ಜಾಗವೇ ಸಿಗುವುದಿಲ್ಲ. ಕುದುರೆಯನ್ನು ಹಿತ್ತಲಲ್ಲಿ ಓಡಿಸಿದ ಹಾಗೆ. ದೆಹಲಿಗೆ ಹೋಗಿ ನೋಡಿ, ಆಗ ಗೊತ್ತಾಗುತ್ತದೆ.

ಇಲ್ಲಿ ಒಂದು ತಮಾಷೆ ಇದೆ, ಪುಟ್ಟಿಗೆ ಹೇಳಲೇಬೇಕು. ಅವಳ 42 ಇದೆಯಲ್ಲ, ಅದು ಮಂಗಳೂರಿನದ್ದು ಮಾತ್ರ ಅಲ್ಲ. ಬೆಂಗಳೂರಿನಿಂದ ದೆಹಲಿಗೆ ನೇರ ಗೆರೆ ಸುಮಾರು 1700 ಕಿಲೋಮೀಟರ್. 800ರಿಂದ ಭಾಗಿಸಿದರೆ 2 ಗಂಟೆ 8 ನಿಮಿಷ. ಟಿಕೆಟ್ಟಿನಲ್ಲಿ 2:45, 2:50 ಅಂತ ಇರುತ್ತದೆ. ಮತ್ತೆ ಅದೇ ನಲವತ್ತು. ಮುಂಬೈ ಸುಮಾರು 830 ಕಿಲೋಮೀಟರ್. 62 ನಿಮಿಷಕ್ಕೆ ನಲವತ್ತು ಸೇರಿಸಿ, ಟಿಕೆಟ್ ತೆಗೆದು ನೋಡಿ. ಚೆನ್ನೈ, ಹುಬ್ಬಳ್ಳಿ, ಎಲ್ಲಿಗೆ ಬೇಕಾದರೂ ಮಾಡಿ. ಐದು ಹತ್ತು ನಿಮಿಷ ಆಚೀಚೆ ಆಗಬಹುದು, ಅಷ್ಟೇ. ತಳ್ಳುವುದು, ಉರುಳುವುದು, ಸಾಲಿನಲ್ಲಿ ಕಾಯುವುದು, ಏರುವುದು, ಇಳಿಯುವುದು, ಇವು ಹತ್ತಿರದ ಊರಿಗೂ ಬೇಕು, ದೂರದ ಊರಿಗೂ ಅಷ್ಟೇ ಬೇಕು. ಆಟೋದ ಮಿನಿಮಮ್ ಚಾರ್ಜ್ ಇದ್ದ ಹಾಗೆ. ಮುಂದಿನ ಬೀದಿಗೆ ಹೋದರೂ ಕೊಡಲೇಬೇಕು. ದೆಹಲಿಗೆ ಹೋಗುವವನಿಗೆ ಅದು ಕಾಣುವುದಿಲ್ಲ, ಮಂಗಳೂರಿಗೆ ಹೋಗುವವನಿಗೆ ಅದೇ ಜಾಸ್ತಿ.

ಇನ್ನೊಂದು ಗುಟ್ಟು. ಕಂಪನಿಗಳು ಟಿಕೆಟ್ಟಿನಲ್ಲಿ ಐದು ಹತ್ತು ನಿಮಿಷ ಹೊಟ್ಟೆಯೊಳಗೆ ಇಟ್ಟುಕೊಂಡೇ ಸಮಯ ಬರೆಯುತ್ತವೆ. ಹೇಳಿದ ಸಮಯದಿಂದ 15 ನಿಮಿಷದ ಒಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂದ ಹಾಗೇ ಲೆಕ್ಕ. ಅದರ ಮೇಲೆ ಈ ಐದು ಹತ್ತು ಬೇರೆ. ತಡವಾಗಿ ಹೊರಟರೂ ಸರಿಯಾಗಿ ಮುಟ್ಟಿಸಿದೆವು ಅಂತ ಹೇಳಿಕೊಳ್ಳಬಹುದಲ್ಲ. ಮದುವೆಗೆ ಕರೆಯುವಾಗ ಮುಹೂರ್ತ ಅರ್ಧ ಗಂಟೆ ಮುಂಚೆ ಅಂತ ಹೇಳುತ್ತೇವಲ್ಲ, ಅದೇ ಬುದ್ಧಿ.


ಗಣಿತ ಮೇಡಂ:

ನಾನು ಹೈಸ್ಕೂಲಿನಲ್ಲಿ ಇದೇ ಪಾಠ ಮಾಡುವವಳು. ಮಕ್ಕಳು ಪುಸ್ತಕದಲ್ಲಿ "ಏಕರೂಪ ವೇಗದಲ್ಲಿ ಚಲಿಸುವ ರೈಲು" ಅಂತ ಓದಿ ಹಾಗೇ ಒಪ್ಪಿಕೊಂಡುಬಿಡುತ್ತಾರೆ. ಏಕರೂಪ ವೇಗದಲ್ಲಿ ಚಲಿಸುವ ಯಾವ ರೈಲನ್ನೂ ನಾನು ಕಂಡಿಲ್ಲ. ನಿಮ್ಮ ಮಗಳ ಕೈಗೆ ಒಂದು ವಾಚು, ಒಂದು ನೋಟ್‌ಬುಕ್ ಕೊಡಿ. ಅಲುಗಾಡಿದ್ದು, ನೆಲ ಬಿಟ್ಟದ್ದು, ಇಳಿಯಲು ಶುರುಮಾಡಿದ್ದು, ಚಕ್ರ ಮುಟ್ಟಿದ್ದು, ನಿಂತದ್ದು. ಈ ಐದು ಸಮಯ ಬರೆದುಕೊಂಡರೆ ಸಾಕು, ಮಿಕ್ಕಿದ್ದು ಅವಳೇ ಮಾಡುತ್ತಾಳೆ. ಫೋನ್ ಕೊಡಬೇಡಿ, ಆಟ ಆಡುತ್ತಾ ಕೂರುತ್ತಾರೆ.


ತುಮಕೂರ್ ಹುಡ್ಗ (ಹನ್ನೆರಡು ದಿನದ ನಂತರ):

ಮೂಡುಬಿದಿರೆಯಿಂದ ಬರೆಯುತ್ತಿದ್ದೇನೆ. ಹೊರಗೆ ಯಾರದೋ ಮನೆಯ ಮುಂದೆ ಹುಲಿವೇಷದ ತಾಸೆ ಬಡಿಯುತ್ತಿದೆ. ಮಗಳು ಅಲ್ಲಿಗೆ ಓಡಿದ್ದಾಳೆ, ನೋಟ್‌ಬುಕ್ ನನ್ನ ಮುಂದಿದೆ. ಮೇಡಂ ಹೇಳಿದ ಹಾಗೆ ಅವಳ ಅಮ್ಮನ ವಾಚ್ ಕಟ್ಟಿಕೊಂಡು ಬಂದಿದ್ದಳು. ಪಟ್ಟಿ ಸಡಿಲ, ಮೊಣಕೈಯವರೆಗೆ ಜಾರುತ್ತಿತ್ತು. ತಾತ ಹೇಳಿದ ಹಾಗೆ ಎಡಗಡೆ ಕಿಟಕಿಯೇ ಸಿಕ್ಕಿತು.

ಬಾಗಿಲು ಹಾಕಿದ್ದು 10:31. ಅಲುಗಾಡಿದ್ದು 10:38, ಅಂದರೆ ಮೂರು ನಿಮಿಷ ತಡ. "ಅಪ್ಪಾ, ಲೇಟು" ಅಂತ ಗಟ್ಟಿಯಾಗಿ ಹೇಳಿದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಹಿಂದಕ್ಕೆ ತಳ್ಳಿ ನಿಲ್ಲಿಸಿ, ಇಂಜಿನ್ ಶುರು ಮಾಡಿ, ಮುಂದಕ್ಕೆ ಉರುಳಲು ಹಿಡಿದಾಗ 10:44. ಆಮೇಲೆ ಉರುಳಿಯೇ ಉರುಳಿತು. ಒಂದು ಕಡೆ ನಿಂತೆವು. ನಮ್ಮ ಮುಂದೆ ಮೂರು ವಿಮಾನ. ಅವು ಒಂದೊಂದಾಗಿ ಏಳುವುದನ್ನು ಅವಳು ಬೆರಳು ಮಡಚಿ ಎಣಿಸಿದಳು. ಚಕ್ರ ನೆಲ ಬಿಟ್ಟದ್ದು 10:57. ಹತ್ತೊಂಬತ್ತು ನಿಮಿಷ ನೆಲದ ಮೇಲೇ ಹೋಯಿತು.

ಮುಂದಿನದು ತಾತನಿಗೆ. ಎದ್ದಾಗ ಅವಳ ತೊಡೆಯ ಮೇಲಿನ ನೋಟ್‌ಬುಕ್ ನೆರಳಿನಲ್ಲಿತ್ತು. ವಿಮಾನ ಒಂದು ಪಕ್ಕಕ್ಕೆ ವಾಲಿತು. ಬಿಸಿಲಿನ ಒಂದು ತುಂಡು ಕಿಟಕಿಯ ಅಂಚಿನಿಂದ ಜಾರಿ, ಕೈಹಿಡಿಯ ಮೇಲೆ ಬಂದು, ನಿಧಾನಕ್ಕೆ ಪುಸ್ತಕದ ಅರ್ಧಕ್ಕೆ ಬಂದು ನಿಂತಿತು. ಅವಳು ನನ್ನ ಕೈ ಹಿಡಿದು ಅಲ್ಲಾಡಿಸಿಬಿಟ್ಟಳು. ಪೆನ್ಸಿಲಿನಲ್ಲಿ ಆ ಬಿಸಿಲಿನ ಅಂಚಿಗೆ ಗೆರೆ ಎಳೆದು "11:02 ತಿರುಗಿತು" ಅಂತ ಬರೆದಿದ್ದಾಳೆ. ಆ ಸೊಟ್ಟ ಗೆರೆ ಇನ್ನೂ ಹಾಗೇ ಇದೆ.

11:14ಕ್ಕೆ ಇಂಜಿನ್ ಸದ್ದು ತಗ್ಗಿತು. ಕಿವಿಗೆ ಹತ್ತಿ ಇಟ್ಟುಕೊಂಡಿದ್ದ ನನ್ನ ಹೆಂಡತಿಯೇ ಮೊದಲು "ಇಳೀತಿದೆ" ಅಂದಳು. ಚಕ್ರ ನೆಲ ಮುಟ್ಟಿದ್ದು 11:33. ನಿಂತದ್ದು 11:38. ಮೂರು ನಿಮಿಷ ತಡವಾಗಿ ಹೊರಟು ಎರಡು ನಿಮಿಷ ಮುಂಚೆ ಬಂದೆವು. ಹೊಟ್ಟೆಯೊಳಗೆ ಇಟ್ಟುಕೊಂಡ ಐದು ನಿಮಿಷ ಸಿಕ್ಕಿತು ತಾತ.

ಅವಳ ಲೆಕ್ಕ ಹಾಗೇ ಬರೆಯುತ್ತೇನೆ. ಬೆಂಗಳೂರಿನ ನೆಲದಲ್ಲಿ 19. ಮಂಗಳೂರಿನ ನೆಲದಲ್ಲಿ 5. ಹಾರಿದ್ದು 36, ಅದರಲ್ಲಿ 23 ಮೊದಲೇ ಲೆಕ್ಕಕ್ಕೆ ಬಂದಿದೆ, ಉಳಿದದ್ದು 13. ಕಂಪನಿ ಇಟ್ಟುಕೊಂಡದ್ದು 5. ಒಟ್ಟು 42. ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಟೀಚರಿಗೆ ಕೊಡುವ ಉತ್ತರದ ಕೆಳಗೆ ಮಾತ್ರ ಹಾಗೆ ಎಳೆಯುವುದು.

ಪಟ್ಟಿಯಲ್ಲಿ ಒಂದು ಕಡೆ ಖಾಲಿ ಇದೆ. ಪ್ರತಿ ಎರಡು ನಿಮಿಷಕ್ಕೆ ಏನಾದರೂ ಬರೆಯುತ್ತೇನೆ ಅಂತ ಸಾಲು ಹಾಕಿಕೊಂಡಿದ್ದಳು. 11:18ರಿಂದ 11:24ರ ತನಕ ಏನೂ ಇಲ್ಲ. ಪಕ್ಕದಲ್ಲಿ ಆಮೇಲೆ ಸೇರಿಸಿದ್ದು: "ಬರೆಯಲು ಮರೆತೆ. ಕೆಳಗೆ ಬೆಟ್ಟ ಇತ್ತು." ಶಿರಾಡಿಯ ಕಡೆಯ ಬೆಟ್ಟ ಇರಬೇಕು. ಮೋಡ ಒಡೆದು ಹಸಿರು ಮಡಿಕೆಗಳು ಕಂಡವು, ನಾನೂ ವಾಚ್ ನೋಡಲಿಲ್ಲ. ಎಷ್ಟು ವರ್ಷ ಆ ಬೆಟ್ಟದ ಕೆಳಗೆ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಒದ್ದಾಡಿದ್ದೇವೆ!

ಪ್ಯಾಸೆಂಜರ್ ಅವರ ಲೆಕ್ಕವೂ ಮಾಡಿದಳು. ಮನೆ ಬಿಟ್ಟದ್ದು 7:10, ಅಜ್ಜಿ ಮನೆ ಮುಟ್ಟಿದ್ದು 12:55. ಐದೂಮುಕ್ಕಾಲು ಗಂಟೆ. ಏರ್‌ಪೋರ್ಟಿಗೆ 38, ವಿಮಾನದಲ್ಲಿ 306, ಇಲ್ಲಿಗೆ 24, ಒಟ್ಟು 368 ಕಿಲೋಮೀಟರ್. ಭಾಗಿಸಿದರೆ ಗಂಟೆಗೆ 64. "ಅಪ್ಪಾ, ನಿನ್ನ 800 ಈಗ 64 ಆಯ್ತು" ಅಂತ ಊಟದ ಎಲೆಯ ಮುಂದೆ ಎಲ್ಲರ ಎದುರು ಹೇಳಿದಳು. ಮಾವ ನಗು ತಡೆಯಲಾರದೆ ಕೆಮ್ಮಿದರು.

ಎಡಕುಮೇರಿ ಅವರೇ, ನಿಮಗೊಂದು ಸುದ್ದಿ. ವಿಮಾನದಲ್ಲಿ ವಾಂತಿ ಆಗಲಿಲ್ಲ. ಬಜ್ಪೆಯಿಂದ ಮೂಡುಬಿದಿರೆಗೆ ಬರುವ ಟ್ಯಾಕ್ಸಿಯಲ್ಲಿ ಆಯಿತು. ಬೇಸಿಗೆ ರಜೆಗೆ ಗಾಜಿನ ಬೋಗಿಯೇ ಗಟ್ಟಿ.

ಒಂದು ಸಮಸ್ಯೆ ಉಳಿದಿದೆ. ವಾಪಸ್ ಬರುವ ಟಿಕೆಟ್ ಭಾನುವಾರ ಮಧ್ಯಾಹ್ನದ್ದು. ಅದರಲ್ಲಿ 1 ಗಂಟೆ 15 ನಿಮಿಷ ಇದೆ. ಅದೇ ದಾರಿ, ಅದೇ 306. ಅಜ್ಜಿ ಮನೆಯ ಕ್ಯಾಲೆಂಡರಿನ ಮೇಲೆ ಆಗಲೇ "52 = ?" ಅಂತ ಬಂದಿದೆ.


ಟವರ್ ತಾತ:

ಭಾನುವಾರ ಮಧ್ಯಾಹ್ನ ದೇವನಹಳ್ಳಿಯಲ್ಲಿ ಇಳಿಯಲು ಎಷ್ಟು ಜನ ಸಾಲು ನಿಂತಿರುತ್ತಾರೆ ಅಂತ ಅವಳೇ ನೋಡಲಿ, ನಾನು ಹೇಳುವುದಿಲ್ಲ. ಈ ಸಲ ಬಲಗಡೆ ಕಿಟಕಿ ತಗೊಳ್ಳಿ. ಬಿಸಿಲು ಪುಸ್ತಕದ ಮೇಲೆ ಎಷ್ಟು ಸಲ ಬಂದು ಹೋಯಿತು ಅಂತ ಎಣಿಸಲು ಹೇಳಿ. ವಾಚಿನ ಪಟ್ಟಿಗೆ ಇನ್ನೊಂದು ತೂತು ಹಾಕಿಸಿ.